ಎಡೆಯ ಬಸ್ಸಾರು

ನಮ್ಮ ಕಡೆ ಪಿತೃಪಕ್ಷದ ಅಡುಗೆಯನ್ನು ಯಾರೂ ರುಚಿ ನೋಡುವುದಿಲ್ಲ. ತೀರಿಕೊಂಡ ಹಿರಿಯರು ವರ್ಷಕ್ಕೊಮ್ಮೆ ಮನೆಗೆ ಬಂದು ಉಣ್ಣುವ ದಿನ ಅದು. ಅವರಿಗಿಂತ ಮುಂಚೆ ನಾವು ನಾಲಿಗೆಗೆ ಮುಟ್ಟಿಸಿದರೆ ಎಂಜಲು. ಉಪ್ಪು ಖಾರವೆಲ್ಲ ಕೈಯಳತೆ, ಕಣ್ಣಳತೆ. ನಮ್ಮ ಅತ್ತೆ ಅಂದಾಜಿನ ಮೇಲೆ ಹಾಕಿದ ಉಪ್ಪು ಒಂದು ವರ್ಷವೂ ಹೆಚ್ಚುಕಡಿಮೆಯಾದದ್ದನ್ನು ನಾನು ಕಾಣೆ.

ಅಂಥವರಿಗೆ ಕೊನೆಯ ಎರಡು ವರ್ಷ ಉಪ್ಪೇ ಬಂದ್ ಆಯಿತು. ಕಿಡ್ನಿ ಸೋತಿದೆ ಎಂದು ಡಾಕ್ಟರು ಹೇಳಿದ ಮೇಲೆ ಅವರ ಪಾಲಿನ ಸಾರನ್ನು ಒಂದು ಸಣ್ಣ ಪಾತ್ರೆಯಲ್ಲಿ ಬೇರೆಯಾಗಿ ಮಾಡುತ್ತಿದ್ದೆ. ಬಸ್ಸಾರೆಂದರೆ ಅವರಿಗೆ ಪ್ರಾಣ. ಹುರುಳಿಕಾಳು, ಸೊಪ್ಪು ಬೇಯಿಸಿ, ನೀರು ಬಸಿದು, ಆ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಮಾಂಸದ ಸಾರನ್ನೂ ಪಕ್ಕಕ್ಕೆ ಸರಿಸುವವರು. ಸಪ್ಪೆ ಬಸ್ಸಾರಿಗೆ ಮುದ್ದೆ ಅದ್ದಿ ನುಂಗಿ, ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

“ಇದನ್ನ ಮೇಕೇನೂ ಮೂಸಲ್ಲ ಕಣೇ. ಒಂದ್ ಹರಳು ಆಕು ಮಗಾ.”

“ಬೇಡ ಅತ್ತೆ, ಕಾಲು ಊದುತ್ತೆ.”

“ನಾನ್ ಸತ್ಮೇಲೆ ಎಡೆಗಾದ್ರೂ ಆಕ್ತೀಯೋ, ಅದಕ್ಕೂ ಡಾಕ್ಟ್ರನ್ನ ಕೇಳ್ಕಂಡ್ ಬತ್ತೀಯೋ?”

“ಹಾಕ್ತೀನಿ ಬಿಡಿ, ಸಾಕು ಸಾಕು ಅನ್ನೋಷ್ಟು.”

ಇಬ್ಬರೂ ನಕ್ಕಿದ್ದೆವು.

ಅವರು ಹೋದ ಮೇಲೆ ಬಂದ ಮೊದಲ ಪಕ್ಷದಲ್ಲಿ ಅವರಿಗೆ ಎಡೆ ಇಡುವಂತಿರಲಿಲ್ಲ. ವರ್ಷದ ತಿಥಿ ಆಗುವ ತನಕ ಹಿರಿಯರ ಸಾಲಿಗೆ ಸೇರಿಸಬಾರದು ಎಂದರು. ಹಾಗಾಗಿ ಈ ಸಲದ ಮಹಾಲಯ ಅಮಾವಾಸ್ಯೆಗೆ ಕಾದಿದ್ದೆ. ಬೇರೇನು ತಪ್ಪಿದರೂ ಬಸ್ಸಾರು ತಪ್ಪಬಾರದು.

ಅವತ್ತು ಬೆಳಗಿನಿಂದ ಅಟ್ಟೂರಿನ ನಮ್ಮ ಮನೆಯಲ್ಲಿ ಒಲೆಗೆ ಬಿಡುವಿರಲಿಲ್ಲ. ಮಾಂಸದ ಸಾರು, ವಡೆ, ಪಾಯಸ. ಬಾಗಲಗುಂಟೆಯಿಂದ ಬಂದಿದ್ದ ಗಂಡನ ಅಕ್ಕ ವಡೆ ತಟ್ಟುತ್ತಿದ್ದರು. ಬಸ್ಸಾರು ಮಾತ್ರ ನನಗಿರಲಿ ಎಂದೆ. ದೊಡ್ಡ ಪಾತ್ರೆಗಳೆಲ್ಲ ತುಂಬಿ, ಕೊನೆಗೆ ಉಳಿದದ್ದು ಅತ್ತೆಯ ಸಣ್ಣ ಪಾತ್ರೆ. ಅವರದ್ದೇ ಅಲ್ಲವೇ ಎಂದು ಅದರಲ್ಲೇ ಕುದಿಯಲು ಇಟ್ಟೆ.

ನಡುಮನೆಯಲ್ಲಿ ಮಾವನ ಪಂಚೆಯ ಪಕ್ಕ ಅತ್ತೆಗೆ ತಂದ ಹೊಸ ಸೀರೆ, ಮುಂದೆ ಬಾಳೆಯೆಲೆಗಳು. ಎಲ್ಲರೂ ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಗೇಟಿನ ಹತ್ತಿರ ನಿಂತೆವು. ಮೇಲಿನ ಬಾಡಿಗೆ ಮನೆಯ ಹುಬ್ಬಳ್ಳಿ ಕಡೆಯ ಹೆಂಗಸು ಮೆಟ್ಟಿಲಿಳಿಯುತ್ತ ಕೇಳಿದಳು, “ಯಾಕ್ರೀ ಅಕ್ಕಾರ, ಎಲ್ಲಾರೂ ಹೊರಗ ನಿಂತೀರಿ? ಕೀಲಿ ಕಳಕೊಂಡ್ರೇನು?”

“ಒಳಗೆ ನಮ್ಮವ್ವ ಉಣ್ತಾವ್ಳೆ ಕಣವ್ವ. ನಾವ್ ನೋಡಿದ್ರೆ ನಾಚ್ಕಂತಾಳೆ,” ಎಂದರು ಗಂಡನ ಅಕ್ಕ.

ಆಕೆ ದನಿ ತಗ್ಗಿಸಿದಳು. “ಉಣ್ಣಲಿ ಬಿಡ್ರಿ, ಸಾವಕಾಶ ಉಣ್ಣಲಿ.” ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ದಾಟಿಹೋದಳು.

ನನ್ನ ಕಣ್ಣಿಗೆ ಒಳಗೆ ಕೂತ ಅತ್ತೆಯೇ ಕಾಣುತ್ತಿದ್ದರು. ಈಗ ಮುದ್ದೆ ಮುರಿದಿರಬೇಕು, ಈಗ ಅದ್ದಿರಬೇಕು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿ ಒಳಗೆ ಹೋದೆವು. ಕಾಗೆಗೆ ಇಟ್ಟು ಬಂದ ಮೇಲೆ ಅತ್ತೆಯ ಎಲೆಗೆ ನನ್ನ ಗಂಡ ಕೂತರು. ಬಸ್ಸಾರಿಗೆ ಮುದ್ದೆ ಅದ್ದಿ ನುಂಗಿ, ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಥೇಟ್ ಅವರಮ್ಮನ ಹಾಗೆ. ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆ ಪಾತ್ರೆ ಕಂಡ ನನ್ನ ಕೈ ಎರಡು ವರ್ಷ ಮಾಡಿದ್ದನ್ನೇ ಮಾಡಿತ್ತು.

“ಏನಾಯ್ತೋ?” ಎಂದು ಅಕ್ಕ ಬೆರಳದ್ದಿ ನೆಕ್ಕಿದರು. “ಅಯ್ಯೋ ನಿನ್ನ! ಸತ್ಮೇಲೂ ಪಥ್ಯಾನಾ ನಮ್ಮವ್ವಂಗೆ?” ಎಂದವರು ನನ್ನ ಕಣ್ಣು ಕಂಡು ಬೆರಳನ್ನು ಸೆರಗಿಗೆ ಒರೆಸಿಕೊಂಡರು.

“ಉಪ್ಪು ಹಾಕಿ ಕುದಿಸ್ತೀನಿ ಅಕ್ಕ, ಇನ್ನೊಂದ್ಸಲ ಇಡೋಣ.”

“ಬಾಗ್ಲು ತೆಗೆದಾಯ್ತಲ್ಲ ಮಗಾ. ಉಂಡು ಎದ್ದೋದೋರ್ನ ಮತ್ತೆ ಕರೆಯಕ್ಕಾಯ್ತದಾ?”

ನಾನು ತಂದಿಟ್ಟ ಉಪ್ಪಿನ ಡಬ್ಬಿಯನ್ನು ನನ್ನ ಗಂಡ ಮುಟ್ಟಲಿಲ್ಲ. ಸಪ್ಪೆ ಸಾರಿನಲ್ಲೇ ಮುದ್ದೆ ಮುಗಿಸಿದರು. ಅಕ್ಕನೂ ಹಾಗೇ ಉಂಡರು. ತಳದಲ್ಲಿ ಉಳಿದದ್ದನ್ನು ನಾನು ಬಗ್ಗಿಸಿಕೊಂಡೆ. ಅಷ್ಟು ದಿನ ಮಾಡಿ ಹಾಕಿದ್ದೆನಲ್ಲ, ಒಮ್ಮೆಯೂ ಅದನ್ನು ಬಾಯಿಗಿಟ್ಟು ನೋಡಿರಲಿಲ್ಲ. ಒಂದು ತುತ್ತಿಗೇ ನನ್ನ ಕೈಯೂ ನಿಂತಿತು.

ಸಂಜೆ ಪಾತ್ರೆ ತೊಳೆದು ಬೋರಲು ಹಾಕಿದೆ. ಅತ್ತೆ ಇನ್ನು ಬರುವುದು ಮುಂದಿನ ಮಹಾಲಯಕ್ಕೆ. ಅಲ್ಲಿಯ ತನಕ ಅವರ ಬಾಯಿ ಸಪ್ಪೆಯೇ.