ಶೈಲಜಮ್ಮನವರ ಹೊನ್ನೆ ನೀರು

ಸಂಜೆ ದೇವರ ಮುಂದೆ ದೀಪ ಹಚ್ಚುವ ಮೊದಲು ಶೈಲಜಮ್ಮ ಹೊನ್ನೆ ಮರದ ಲೋಟವನ್ನು ತೊಳೆದು, ಕುಡಿಯುವ ನೀರು ತುಂಬಿ, ತಟ್ಟೆ ಮುಚ್ಚಿ ಇಡುತ್ತಿದ್ದರು. ಜ್ವರ ಬಂದು ಮಲಗಿದ್ದರೂ ಎದ್ದು ಬಂದು ಇಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ನೀರು ಕೆಂಪು ಬೆರೆತ ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಕಿಟಕಿಯ ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿಯೂ ಕಾಣುತ್ತಿತ್ತು. ಲಿಂಗಪೂಜೆ ಮುಗಿದ ಮೇಲೆ ಆ ನೀರನ್ನು ಶಿವನಿಗೆ ತೋರಿಸಿ, ಗಂಡನ ಕೈಗೆ ಕೊಡುತ್ತಿದ್ದರು. ಅವರು ಒಂದು ತೊಟ್ಟೂ ಬಿಡದೆ ಕುಡಿಯುತ್ತಿದ್ದರು.

ಗಂಡ ಮಲ್ಲಿಕಾರ್ಜುನಯ್ಯನವರಿಗೆ ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ, ಚಾಮರಾಜಪೇಟೆಯಲ್ಲಿ ಮನೆ. ಮೈಯಲ್ಲಿ ಸಕ್ಕರೆ ಕಾಯಿಲೆ. ಡಾಕ್ಟರ್ ರಾಮಾಂಜಿನಪ್ಪನವರು ಇನ್ಸುಲಿನ್ ಗೊತ್ತುಮಾಡಿದ್ದರು. ದಿನಾ ಬೆಳಿಗ್ಗೆ ಕಾಂಪೌಂಡರ್ ಮಾಯಣ್ಣ ಸೈಕಲ್ಲಿನಲ್ಲಿ ಬಂದು, ಶೈಲಜಮ್ಮನ ಒಲೆಯ ಮೇಲೇ ಸೂಜಿ ಕುದಿಸಿ ಚುಚ್ಚಿ ಹೋಗುತ್ತಿದ್ದ.

"ಊರಿಗೆಲ್ಲ ಬಟ್ಟೆ ಅಳೆದು ಹರಿಯೋ ಯಜಮಾನ್ರು, ಇಷ್ಟುದ್ದ ಸೂಜಿ ಕಂಡ್ರೆ ಕಣ್ಮುಚ್ಕೋತಾರಲ್ಲಮ್ಮಾ!" ಎನ್ನುತ್ತಿದ್ದ.

"ಸೂಜಿಗಲ್ಲಯ್ಯಾ, ಬೆಳಿಗ್ಗೆ ಎದ್ದು ನಿನ್ನ ಮುಖ ನೋಡೋಕಾಗ್ದೆ ಮುಚ್ಕೋತೀನಿ" ಎನ್ನುತ್ತಿದ್ದರು ಅವರು.

ಸೂಜಿಯಾದ ಮೇಲೆ ಹಸಿದಿರಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅದನ್ನು ಶೈಲಜಮ್ಮ ಎಂದೂ ಮೀರಲಿಲ್ಲ. ಶ್ರಾವಣ ಸೋಮವಾರದ ಉಪವಾಸದಲ್ಲೂ ಬಾಳೆಹಣ್ಣು, ಹಾಲು ಕೊಟ್ಟೇ ಅಂಗಡಿಗೆ ಕಳಿಸುತ್ತಿದ್ದರು. ಎಷ್ಟೋ ಶ್ರಾವಣಗಳು ಹಾಗೆ ಸುಖವಾಗಿ ಕಳೆದಿದ್ದವು.

ಐವತ್ತೆರಡನೆಯ ಇಸವಿಯ ಯುಗಾದಿಗೆ ಮಠದಿಂದ ಬಂದ ಅಯ್ಯನವರೊಬ್ಬರು ಆ ಲೋಟ ಕೊಟ್ಟರು. "ಸಕ್ಕರೆಗೆ ಬಹಳ ಒಳ್ಳೇದು ತಾಯಿ. ಶಿವನ ಪ್ರಸಾದ ಅಂತ ಕುಡಿಸು" ಎಂದರು. ಅವರ ಮನಸ್ಸಿನಲ್ಲಿ ಒಳ್ಳೆಯದಲ್ಲದೆ ಬೇರೇನೂ ಇರಲಿಲ್ಲ. ಶೈಲಜಮ್ಮ ಲೋಟವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಪ್ರಸಾದ ಎಂದು ಮನೆಗೆ ಬಂದದ್ದನ್ನು ಅವರ ಮನೆತನದಲ್ಲಿ ಯಾರೂ ಪ್ರಶ್ನೆ ಮಾಡುವುದಿಲ್ಲ, ಮಿಗಿಸುವುದೂ ಇಲ್ಲ.

ಕೆಲವು ವಾರ ಕಳೆದ ಮೇಲೆ ಮಲ್ಲಿಕಾರ್ಜುನಯ್ಯನವರಿಗೆ ಹೊತ್ತೇರುವಾಗ ಮೈ ಬೆವರಿ, ಕೈ ನಡುಗತೊಡಗಿತು. ಎಂದೂ ಸಿಟ್ಟು ಮಾಡದವರು ಗಿರಾಕಿಯ ಮುಂದೆ ಗಜಕಡ್ಡಿ ಎಸೆದರಂತೆ. ಹೆಂಡತಿ ಅವರನ್ನು ವಿಶ್ವೇಶ್ವರಪುರದಲ್ಲಿದ್ದ ಡಾಕ್ಟರ ದವಾಖಾನೆಗೆ ಕರೆದುಕೊಂಡು ಹೋದರು.

"ನಾಟಿ ಔಷಧಿ ಏನಾದ್ರೂ ಕೊಡ್ತಿದೀರೇನಮ್ಮಾ?" ಎಂದು ಡಾಕ್ಟರು ಕೇಳಿದರು.

"ಇಲ್ಲ ಡಾಕ್ಟ್ರೇ, ನಿಮ್ಮ ಸೂಜಿ ಒಂದೇ."

ಅವರು ಸುಳ್ಳು ಹೇಳಲಿಲ್ಲ. ಪ್ರಸಾದವನ್ನು ಔಷಧಿಯ ಲೆಕ್ಕಕ್ಕೆ ಸೇರಿಸಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಡಾಕ್ಟರು ಕಾರಣ ಬಿಡಿಸಿ ಹೇಳದೆ ಸೂಜಿಯ ಪ್ರಮಾಣವನ್ನು ಸ್ವಲ್ಪ ಇಳಿಸಿ ಕಳಿಸಿದರು. ಆದರೆ ಸೂಜಿ ಕಡಿಮೆಯಾಯಿತೆಂದು ಶೈಲಜಮ್ಮನಿಗೆ ಭಯವಾಯಿತು. ಗಂಡ ನಡುಗುವುದು ಸಕ್ಕರೆ ಏರಿಯೇ ಇರಬೇಕೆಂದು ಅವರು ನಂಬಿದ್ದರು. ಬೆಳಿಗ್ಗೆಯೇ ಲೋಟಕ್ಕೆ ಮತ್ತೆ ನೀರು ತುಂಬಿಟ್ಟು, ಅವರು ಮಧ್ಯಾಹ್ನ ಊಟಕ್ಕೆ ಬಂದಾಗಲೂ ಕೊಡಲು ಶುರುಮಾಡಿದರು.

ಶ್ರಾವಣದ ಸೋಮವಾರ ಬಂತು. ಎಂದಿನಂತೆ ಹೊನ್ನೆ ನೀರು, ಸೂಜಿ, ಬಾಳೆಹಣ್ಣು, ಹಾಲು. ಮಧ್ಯಾಹ್ನ ಅಂಗಡಿಯ ಆಳು ಅವರನ್ನು ಜಟಕಾದಲ್ಲಿ ಕೂರಿಸಿಕೊಂಡು ಮನೆಗೆ ಬಂದ. ಅಂಗಿ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಮಾತು ತೊದಲುತ್ತಿತ್ತು. ಹೆಂಡತಿಯನ್ನು ನೋಡಿ "ಅವ್ವಾ" ಎಂದು ಕರೆದರು.

ಎದುರುಮನೆಯ ಸುಂದರಮ್ಮ ಓಡಿ ಬಂದವಳು, "ಉಪವಾಸ ಅಲ್ವಾ, ನಿತ್ರಾಣ ಆಗಿದೆ. ಒಂದಿಷ್ಟು ಬೆಲ್ಲದ ಪಾನಕ ಮಾಡಿ ಕುಡಿಸ್ರೀ" ಎಂದಳು.

"ನಿನಗೇನು ಬುದ್ಧಿ ಇದೆಯೇನೇ? ಸಕ್ಕರೆ ಕಾಯಿಲೆಯವರ ಬಾಯಿಗೆ ಬೆಲ್ಲ ಹಾಕ್ತಾರಾ?" ಎಂದು ಶೈಲಜಮ್ಮ ಅವಳನ್ನು ಗದರಿದರು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಪಂಚಾಕ್ಷರಿ ಹೇಳುತ್ತ, ಹೊನ್ನೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ನುಂಗುವುದು ನಿಲ್ಲುವವರೆಗೂ ಕುಡಿಸಿದರು.

ಆಳು ಹೋಗಿ ಡಾಕ್ಟರನ್ನು ಕರೆತರುವ ಹೊತ್ತಿಗೆ ಪ್ರಜ್ಞೆ ಇರಲಿಲ್ಲ. ಅವರು ನರಕ್ಕೆ ಗ್ಲೂಕೋಸ್ ಕೊಟ್ಟರು. ರೋಗಿ ಕಣ್ಣು ತೆರೆದರು. ಆ ಕಣ್ಣು ಯಾರನ್ನೂ ಗುರುತಿಸಲಿಲ್ಲ. ಹಾಸಿಗೆಯ ಪಕ್ಕದ ಲೋಟ ಡಾಕ್ಟರ ಕಣ್ಣಿಗೆ ಬಿತ್ತು.

"ಇದೇನಮ್ಮಾ?"

"ಹೊನ್ನೆ ನೀರು. ಪ್ರಸಾದ."

"ಎಷ್ಟು ದಿನದಿಂದ?"

"ಯುಗಾದಿಯಿಂದ."

ರಾಮಾಂಜಿನಪ್ಪನವರು ಲೋಟವನ್ನು ಕೈಗೆತ್ತಿಕೊಂಡು ನೀರಿನ ಬಣ್ಣ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. "ಇದೂ ಸಕ್ಕರೆ ಇಳಿಸುತ್ತೆ ಅಂತಾರಮ್ಮ. ಎಷ್ಟು ಇಳಿಸುತ್ತೋ ಯಾರೂ ಅಳೆದು ನೋಡಿಲ್ಲ. ಸೂಜಿ ಅಂತೂ ಇಳಿಸೇ ಇಳಿಸುತ್ತೆ. ಎರಡೂ ಒಂದೇ ಕಡೆ ಎಳೆದಿವೆ, ಹೊಟ್ಟೇಲಿ ಅನ್ನ ಇಲ್ಲ. ನಡುಗ್ತಾ ಇದ್ದದ್ದು ಸಕ್ಕರೆ ಏರಿ ಅಲ್ಲ, ಇಳಿದು." ಮತ್ತೆ, "ನಾನು ಔಷಧಿ ಕೊಡ್ತೀರಾ ಅಂತ ಕೇಳ್ದೆ. ಕುಡಿಯೋಕೆ ಏನು ಕೊಡ್ತೀರಾ ಅಂತ ಕೇಳ್ಲಿಲ್ಲ" ಎಂದರು.

"ಹಾಗಾದ್ರೆ ಸುಂದರಮ್ಮ ಬೆಲ್ಲದ ಪಾನಕ ಕುಡಿಸಿ ಅಂದಿದ್ದೇ ಸರಿಯಾಗಿತ್ತಾ?"

ಡಾಕ್ಟರು ಹೌದೆಂದು ತಲೆಯಾಡಿಸಿ, ಲೋಟವನ್ನು ಹಾಸಿಗೆಯಿಂದ ದೂರ ಇಟ್ಟರು.

ಮಲ್ಲಿಕಾರ್ಜುನಯ್ಯನವರು ಆ ವಾರ ದಾಟಲಿಲ್ಲ. ಲಿಂಗೈಕ್ಯರಾದವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಹೊತ್ತೊಯ್ದರು. ಶೈಲಜಮ್ಮ ಅಳಲಿಲ್ಲ. ಅತ್ತೆ ರುದ್ರಾಣಮ್ಮ ಮಾತ್ರ ಗೋಡೆಗೆ ತಲೆ ಚಚ್ಚಿಕೊಂಡು, "ನನ್ನ ಮಗನ್ನ ಯಾರ ಕಣ್ಣು ತಿಂತು?" ಎಂದು ಕೂಗುತ್ತಿದ್ದರು. ಆ ಕೂಗು ಕೇಳಿದಾಗಲೆಲ್ಲ ಸೊಸೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಕಾರಣ ಗೊತ್ತಿದ್ದವರು ಡಾಕ್ಟರು ಮತ್ತು ಶೈಲಜಮ್ಮ ಇಬ್ಬರೇ. ಈ ಸಂಗತಿಯನ್ನು ಶೈಲಜಮ್ಮನವರೇ ನೆರೆಮನೆಯವಳಾದ ನನಗೆ ಹೇಳಿದ್ದು, ಎಷ್ಟೋ ವರ್ಷದ ಮೇಲೆ, ಹೂ ಕಟ್ಟುತ್ತ ಕುಳಿತಿದ್ದಾಗ.

ಉತ್ತರಕ್ರಿಯೆಯ ಶಿವಗಣಾರಾಧನೆಯ ದಿನ ಮೈದುನ ಪರಮಶಿವಯ್ಯ ಅತ್ತಿಗೆಯ ಬಳಿ ಬಂದು ಕುಳಿತರು. ಅವರಿಗೂ ಅದೇ ಕಾಯಿಲೆ, ಅದೇ ಸೂಜಿ.

"ಅತ್ತಿಗೆ, ಅಣ್ಣನ ನೆನಪಿಗೆ ನಾನೂ ಹೊನ್ನೆ ನೀರು ಶುರು ಮಾಡಿದೀನಿ. ಅಯ್ಯನೋರೇ ಒಂದು ಲೋಟ ತರಿಸಿಕೊಟ್ರು."

ಶೈಲಜಮ್ಮ ಕೈಯಲ್ಲಿದ್ದ ಅನ್ನದ ಪಾತ್ರೆಯನ್ನು ಕೆಳಗಿಟ್ಟು, ಆರಾಧನೆಗೆ ಬಂದು ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಡಾಕ್ಟರನ್ನು ತಡೆದು ನಿಲ್ಲಿಸಿ ವಿಷಯ ತಿಳಿಸಿದರು.

ಡಾಕ್ಟರು ದನಿ ತಗ್ಗಿಸಿದರು. "ನೀವು ಗಾಬರಿ ಆಗ್ಬೇಡಿ. ಯಜಮಾನ್ರಿಗೆ ಹೃದಯ ನಿಂತು ಹೀಗಾಯ್ತು ಅಂತ ಎಲ್ಲರಿಗೂ ನಾನೇ ಹೇಳ್ತೀನಿ. ಪರಮಶಿವಯ್ಯನವರಿಗೆ, ಆ ನೀರು ನಿಮ್ಮ ಮೈಗೆ ಆಗೋದಿಲ್ಲ ಅಂತಷ್ಟೇ ಹೇಳಿ ಬಿಡಿಸ್ತೀನಿ. ನಿಮ್ಮ ಹೆಸರು ಎಲ್ಲೂ ಬರಲ್ಲ. ನಿಮ್ಮತ್ತೆಗೆ ನಿಜ ಗೊತ್ತಾದ್ರೆ ಈ ಮನೇಲಿ ನೀವು ಹೇಗಮ್ಮಾ ಬಾಳ್ತೀರಾ? ನನ್ನಿಂದ ಇಷ್ಟಾದ್ರೂ ಆಗ್ಲಿ."

ಶೈಲಜಮ್ಮ ಕೈ ಮುಗಿದರು.

"ಬೇಡ ಡಾಕ್ಟ್ರೇ. ಆಗೋದಿಲ್ಲ ಅಂತ ನೀವು ಬಾಯ್ಮಾತಲ್ಲಿ ಹೇಳಿದ್ರೆ ಅವ್ರು ನಿಮ್ಮೆದುರು ಹೂಂ ಅಂದು, ಮನೇಲಿ ಕುಡೀತಾರೆ. ಪ್ರಸಾದ ಅಲ್ವಾ. ನಾನೂ ಹಾಗೇ ಮಾಡ್ತಿದ್ದೆ. ನಡುಗಿದಾಗ ಬೆಲ್ಲ ತಿನ್ಬೇಕು ಅನ್ನೋದು ಅವ್ರ ಹೆಂಡ್ತಿಗೂ ಗೊತ್ತಾಗ್ಬೇಕು. ನೀವು ಹೊರಡಿ. ಎಲ್ಲರೂ ಊಟಕ್ಕೆ ಕೂತಿದಾರೆ, ಅತ್ತೇನೂ ಅಲ್ಲೇ ಇದಾರೆ. ನಾನೇ ಹೇಳ್ತೀನಿ."