ಅಕ್ಕನ ಬಲಗೈ

ಇಂಥ ಅನುಭವಗಳನ್ನು ಹೇಳಿಕೊಳ್ಳುವವರ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟು ಗೌರವವಿರಲಿಲ್ಲ. ನಾನು ಕೆಮಿಸ್ಟ್ರಿ ಓದಿದವಳು, ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಊಟದ ಹೊತ್ತಿನಲ್ಲಿ ಯಾರಾದರೂ ಸತ್ತ ಅಜ್ಜಿ ಕನಸಿನಲ್ಲಿ ಬಂದು ಎಚ್ಚರಿಸಿದ್ದನ್ನೋ, ಖಾಲಿ ಮನೆಯಲ್ಲಿ ನಲ್ಲಿ ತಾನಾಗಿ ತಿರುಗಿದ್ದನ್ನೋ ಹೇಳಲು ಶುರುಮಾಡಿದರೆ ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದೆ. ಹೆದರಿಕೆಯಿಂದಲ್ಲ, ಬೇಸರದಿಂದ. ಆದ್ದರಿಂದ ಈಗ ನಾನು ಬರೆಯುವುದನ್ನು ಓದಿ ನೀವು ಎದ್ದು ಹೋದರೆ ನನ್ನ ತಕರಾರಿಲ್ಲ. ನಿಮ್ಮನ್ನು ನಂಬಿಸಬೇಕೆಂಬ ಆಸೆಯೂ ಇಲ್ಲ. ನಾನು ಜೀವಂತ ಇದ್ದೇನೆ ಎನ್ನುವುದನ್ನು ಬಿಟ್ಟರೆ ಅವತ್ತು ನಡೆದದ್ದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ.

ನನ್ನ ಅಕ್ಕ ಪುಷ್ಪ ಶಿವಾಜಿನಗರದಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ, ಮೆಟ್ಟಿಲಿನ ಕೆಳಗೆ ಒಂದು ಮಷಿನ್ ಹಾಕಿಕೊಂಡು ಕೂರುವಷ್ಟು ಜಾಗ. ಅಳತೆ ಟೇಪು ಕುತ್ತಿಗೆಯಲ್ಲಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ, ಹೆಂಗಸರನ್ನು ಒಮ್ಮೆ ನೋಡಿ ಬಟ್ಟೆಗೆ ಕತ್ತರಿ ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಕಗ್ಗದಾಸಪುರದ ಮನೆಯಲ್ಲಿ ಹಲ್ಲುಜ್ಜುತ್ತಿದ್ದವಳು ಹಾಗೇ ಕುಸಿದಳು. ಸ್ಟ್ರೋಕ್. ಜೀವ ಉಳಿಯಿತು, ಬಲಭಾಗ ಹೋಯಿತು. ಕಾಲು ಸ್ವಲ್ಪ ಸ್ವಲ್ಪವೇ ಮರಳಿತು, ಕೈ ಮರಳಲಿಲ್ಲ. ಬೆರಳುಗಳು ಒಳಕ್ಕೆ ಮಡಿಚಿಕೊಂಡು ಮುಷ್ಟಿ ಬಿಗಿದೇ ಇರುತ್ತಿತ್ತು. ಮಾತೂ ಹೋಯಿತು. ಉಳಿದದ್ದು ಒಂದೇ ಪದ, ‘ಆಯ್ತು’. ಹಸಿವಾದರೂ ಆಯ್ತು, ನೋವಾದರೂ ಆಯ್ತು, ಅಳುತ್ತಲೂ ಆಯ್ತು. ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಅದು ಇನ್ನೂ ಕಷ್ಟ.

ಆಸ್ಪತ್ರೆಯವರು ಬಿಟ್ಟ ಮೇಲೆ ಹಲಸೂರಿನ ಕಡೆಯ ಒಂದು ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದೆವು. ಹಳೇ ಬಂಗಲೆ, ಎತ್ತರದ ಚಾವಣಿ, ಎಲ್ಲೆಡೆ ಫಿನಾಯಿಲ್ ವಾಸನೆ ಇರಬೇಕು. ಇರಬೇಕು ಎಂದೆ, ಯಾಕೆಂದರೆ ಕೊರೊನಾ ಬಂದು ಹೋದಾಗಿನಿಂದ ನನಗೆ ವಾಸನೆ ತಿಳಿಯುವುದಿಲ್ಲ. ಮಲ್ಲಿಗೆಯೂ ಒಂದೇ, ಸುಟ್ಟ ಹಾಲೂ ಒಂದೇ. ನಮ್ಮ ಲ್ಯಾಬಿನಲ್ಲಿ ಇದೊಂದು ತಮಾಷೆಯ ವಿಷಯವಾಗಿತ್ತು.

ಅಲ್ಲಿ ಅಕ್ಕನನ್ನು ನೋಡಿಕೊಳ್ಳುತ್ತಿದ್ದ ಆಕ್ಯುಪೇಶನಲ್ ಥೆರಪಿಸ್ಟ್ ಹೆಸರು ಶಬಾನಾ, ಫ್ರೇಜರ್ ಟೌನಿನ ಹುಡುಗಿ. ಫಿಸಿಯೋಥೆರಪಿ ನಡೆಯಲು ಕಲಿಸುತ್ತದೆ, ಇದು ಬದುಕಲು ಕಲಿಸುತ್ತದೆ ಎಂದು ನನಗೆ ಅರ್ಥವಾದದ್ದು ಅವಳನ್ನು ನೋಡಿದ ಮೇಲೆ. ಒಂದೇ ಕೈಯಲ್ಲಿ ಗುಂಡಿ ಹಾಕುವುದು, ಮಗ್ಗಿನಿಂದ ನೀರು ಸುರಿದುಕೊಳ್ಳುವುದು, ಚಪಾತಿ ಹರಿಯುವುದು. ‘ಕೈ ಬರದಿದ್ರೂ ಕೆಲ್ಸ ಬರ್ಬೇಕು ಅಕ್ಕಾ’ ಎನ್ನುತ್ತಿದ್ದಳು. ಅಕ್ಕ ಎಡಗೈಯಲ್ಲಿ ತಟ್ಟೆಯಿಂದ ಅನ್ನ ಎತ್ತಿ ತಿನ್ನಲು ಕಲಿತ ದಿನ ನಾನೂ ಶಬಾನಾಳೂ ಕಾರಿಡಾರಿನಲ್ಲಿ ನಿಂತು ಅತ್ತಿದ್ದೆವು.

ಭಾವನಿಗೆ ಅದು ಸಾಲಲಿಲ್ಲ. ‘ನಾನು ಬಲಗೈ ರಿಪೇರಿಗೆ ಕಳ್ಸಿದ್ದು ಕಣ್ರೀ. ಎಡಗೈಗೆ ಏನಾಗಿದೆ ಅಂತ ಅದಕ್ಕೆ ಪಾಠ?’ ಎಂದು ಶಬಾನಾಳನ್ನು ಕೇಳಿದರು. ಯಾವುದೋ ವಿಡಿಯೋದಲ್ಲಿ ಸರಿಯಿರುವ ಕೈಯನ್ನು ಕಟ್ಟಿಹಾಕಿದರೆ ಸೋತ ಕೈ ಏಳುತ್ತದೆ ಎಂದು ನೋಡಿದ್ದರು. ಆ ಪದ್ಧತಿ ಇರುವುದು ನಿಜ. ಆದರೆ ಬೆರಳು ಚೂರಾದರೂ ಅಲ್ಲಾಡುವವರಿಗೆ ಮಾತ್ರ, ಇವರ ಬೆರಳು ಅಲ್ಲಾಡುವುದಿಲ್ಲ ಎಂದು ಶಬಾನಾ ಬಿಡಿಸಿ ಹೇಳಿದಳು. ಭಾವ ಮೇಲಿನವರ ಹತ್ತಿರ ಹೋದರು. ಮೇಲಿನವರಿಗೆ ಮನೆಯವರನ್ನು ಖುಷಿಯಾಗಿಡುವುದು ಮುಖ್ಯ. ಮಾರನೆಯ ದಿನದಿಂದ ಅಕ್ಕನ ಎಡಗೈಗೆ ದಪ್ಪ ಹತ್ತಿಯ ಗವಸು ಹಾಕಿ ಗಾಲಿಕುರ್ಚಿಯ ಕೈಗೆ ಪಟ್ಟಿಯಿಂದ ಬಿಗಿದರು. ಇದ್ದ ಒಂದು ಕೈಯನ್ನೂ ಕಿತ್ತುಕೊಂಡರು ಎಂದೇ ನನಗನ್ನಿಸಿತು.

ಆ ಕೇಂದ್ರದಲ್ಲಿ ಒಂದು ಅಭ್ಯಾಸದ ಅಡುಗೆಮನೆ ಇತ್ತು. ಕಟ್ಟೆ, ಸಿಂಕು, ಡಬ್ಬಿಗಳು, ಎರಡು ಒಲೆಯ ಗ್ಯಾಸ್ ಸ್ಟವ್, ಎಲ್ಲವೂ ನಿಜವಾದದ್ದೇ. ರೋಗಿಗಳು ಅಲ್ಲಿ ಸ್ಟವ್‌ನ ನಾಬ್ ತಿರುಗಿಸುವುದನ್ನು ದಿನವಿಡೀ ಅಭ್ಯಾಸ ಮಾಡುತ್ತಿದ್ದರು. ಸಿಲಿಂಡರ್ ಯಾವಾಗಲೂ ಬಂದ್ ಆಗಿರುತ್ತಿದ್ದುದರಿಂದ ನಾಬ್ ತೆರೆದಿದೆಯೋ ಮುಚ್ಚಿದೆಯೋ ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಬೇರೆ ಯಾವ ಅಡುಗೆಮನೆಯಲ್ಲೂ ಮಾಡಬಾರದ ತಪ್ಪು ಅದು. ಅಲ್ಲಿ ಅದು ತಪ್ಪೇ ಅಲ್ಲ, ಪಾಠ.

ಅವತ್ತು ನಾನು ಕೆಲಸ ಮುಗಿಸಿ ಹೋದಾಗ ಸಂಜೆಯಾಗುತ್ತಿತ್ತು. ಮೋಡ ಕವಿದಿತ್ತು, ಕರೆಂಟೂ ಹೋಗಿತ್ತು. ಬಾಗಿಲಲ್ಲಿ ಆಯಾ ಮೇರಿ ಸಿಕ್ಕಿದಳು. ಕ್ಯಾಂಟೀನಿನಲ್ಲಿ ಗ್ಯಾಸ್ ಮುಗಿದು, ಮಧ್ಯಾಹ್ನ ಎಲ್ಲರಿಗೂ ಕಾಫಿಯನ್ನು ಅಭ್ಯಾಸದ ಅಡುಗೆಮನೆಯಲ್ಲೇ ಮಾಡಿದೆ ಎಂದಳು. ‘ಹಾಲು ಇನ್ನೂ ಇದೆ ಮಾ. ಅಕ್ಕ ಅಲ್ಲೇ ಕೂತಿದಾರೆ, ಪಾಪ, ಬಿಸಿ ಮಾಡಿ ಕೊಡಿ’ ಎಂದು ಹೇಳಿ ಹೋದಳು.

ಮೇರಿ ಕಾಫಿ ಮಾಡಿ ಸಿಲಿಂಡರ್ ಬಂದ್ ಮಾಡಲು ಮರೆತಿದ್ದಳು. ಆಮೇಲೆ ಒಬ್ಬ ವಯಸ್ಸಾದ ರೋಗಿ ನಾಬ್ ತಿರುಗಿಸುವ ಅಭ್ಯಾಸ ಮಾಡಿ, ಹಿಂದಿನ ಒಲೆಯದನ್ನು ತೆರೆದೇ ಬಿಟ್ಟಿದ್ದರು. ಅಕ್ಕನನ್ನು ಮೇಜಿನ ಹತ್ತಿರ ಕೂರಿಸಿ, ಶಬಾನಾ ಆ ರೋಗಿಯನ್ನು ಆಟೋವರೆಗೆ ಬಿಡಲು ಹೋಗಿದ್ದಳು. ರಸ್ತೆಯ ಗದ್ದಲಕ್ಕೆ ಕಿಟಕಿಗಳು ಮುಚ್ಚಿದ್ದವು. ಇದೆಲ್ಲ ನನಗೆ ಗೊತ್ತಾದದ್ದು ನಂತರ. ಬಾಗಿಲು ತೆರೆದಾಗ ಕಂಡದ್ದು ಮಬ್ಬು ಬೆಳಕಿನಲ್ಲಿ ಒಬ್ಬಳೇ ಕುಳಿತ ಅಕ್ಕ ಮಾತ್ರ. ನಾನು ಒಳಗೆ ಹೋದೆ, ಬಾಗಿಲು ಹಿಂದೆ ತಾನಾಗಿ ಮುಚ್ಚಿಕೊಂಡಿತು.

‘ಟೀ ಮಾಡ್ಲಾ ಅಕ್ಕ?’ ಎಂದೆ.

‘ಆಯ್ತು’ ಎಂದಳು. ಮತ್ತೆ ‘ಆಯ್ತು, ಆಯ್ತು’ ಎಂದಳು, ಸ್ವಲ್ಪ ಜೋರಾಗಿ. ಪಾಪ, ಎಷ್ಟು ಆಸೆಯಾಗಿದೆಯೋ ಎಂದುಕೊಂಡೆ. ಶಿವಾಜಿನಗರದಲ್ಲಿದ್ದಾಗ ಸಂಜೆಯ ಟೀ ಇಲ್ಲದೆ ಅವಳ ಮಷಿನ್ ಓಡುತ್ತಿರಲಿಲ್ಲ. ಅವಳಿಗೆ ಬೆನ್ನು ಮಾಡಿ ಹಾಲಿನ ಪಾತ್ರೆ ಒಲೆಯ ಮೇಲಿಟ್ಟೆ. ಮುಂದಿನ ಒಲೆಯ ನಾಬ್ ತಿರುಗಿಸಿ ಲೈಟರ್ ಎತ್ತಿಕೊಂಡೆ.

ಆಗ ನನ್ನ ಮಣಿಕಟ್ಟನ್ನು ಒಂದು ಕೈ ಹಿಡಿಯಿತು.

ತಣ್ಣಗಿತ್ತು. ಬಿಗಿಯಾಗಿತ್ತು, ಮೂಳೆ ನೋಯುವಷ್ಟು. ಲೈಟರ್ ಕೈಯಿಂದ ಜಾರಿ ಸಿಂಕಿಗೆ ಬಿತ್ತು. ನಾನು ಕಿರುಚಲಿಲ್ಲ, ಕೈಯನ್ನು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಹಳೆಯ ಕಲೆ ಇತ್ತು. ಅಕ್ಕನ ಬಲಗೈ. ಬೆರಳುಗಳು ನೆಟ್ಟಗೆ ತೆರೆದು ನನ್ನ ಮಣಿಕಟ್ಟನ್ನು ಸುತ್ತಿಕೊಂಡಿದ್ದವು.

ಎಷ್ಟು ಹೊತ್ತು ಹಿಡಿದಿತ್ತೋ ಹೇಳಲಾರೆ. ಬಾಗಿಲು ತೆರೆಯಿತು. ಶಬಾನಾ ‘ಯಾ ಅಲ್ಲಾ, ಗ್ಯಾಸ್’ ಎಂದಳು. ಓಡಿಬಂದು ಸಿಲಿಂಡರ್ ಬಂದ್ ಮಾಡಿ, ಕಿಟಕಿಗಳನ್ನು ಒಂದೊಂದಾಗಿ ತಳ್ಳಿದಳು. ನಾನು ಹಿಂದೆ ತಿರುಗಿದೆ. ಅಕ್ಕ ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದಳು. ಸೊಂಟದ ಬೆಲ್ಟ್ ಹಾಕಿತ್ತು, ಕುರ್ಚಿಯ ಬ್ರೇಕ್ ಹಾಕಿತ್ತು, ಎಡಗೈ ಗವಸಿನಲ್ಲಿ ಕಟ್ಟಿಕೊಂಡೇ ಇತ್ತು. ಬಲಗೈ ತೊಡೆಯ ಮೇಲೆ ಎಂದಿನಂತೆ ಮುಷ್ಟಿ ಬಿಗಿದು ಬಿದ್ದಿತ್ತು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಒಲೆಯನ್ನು ನೋಡುತ್ತಿದ್ದಳು.

ಮಣಿಕಟ್ಟನ್ನು ಹಿಡಿದ ಆ ಕೈ ಯಾವಾಗ ಬಿಟ್ಟಿತು, ಹೇಗೆ ಹಿಂದೆ ಹೋಯಿತು, ನನ್ನ ನೆನಪಿನಲ್ಲಿಲ್ಲ. ಆ ಕ್ಷಣವನ್ನು ಎಷ್ಟು ಸಲ ಓಡಿಸಿ ನೋಡಿದರೂ ಅಲ್ಲಿ ಏನೂ ಇಲ್ಲ. ಲೈಟರಿನ ಗುಂಡಿಯ ಮೇಲೆ ನನ್ನ ಹೆಬ್ಬೆರಳು ಇದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ. ಮನೆಗೆ ಇಂಡಕ್ಷನ್ ಒಲೆ ತಂದುಕೊಂಡಿದ್ದೇನೆ.

ಮಣಿಕಟ್ಟಿನ ಮೇಲೆ ಬೆರಳುಗಳ ಗುರುತು ನೀಲಿಯಾಗಿ ಎದ್ದಿತ್ತು. ಶಬಾನಾ ಅದನ್ನು ನೋಡಿ, ಅಕ್ಕನ ಕೈಯನ್ನು ನೋಡಿ, ನನ್ನನ್ನು ಪಕ್ಕಕ್ಕೆ ಕರೆದಳು. ‘ಆ ಬೆರಳು ಬಿಡಿಸ್ಬೇಕಂದ್ರೆ ದಿನಾ ಬಿಸಿನೀರಲ್ಲಿಟ್ಟು ನಾನೇ ಉಜ್ಬೇಕು. ತಾನಾಗಿ ತೆರೆಯೋ ಕೈ ಅಲ್ಲ ಅಕ್ಕಾ ಅದು. ಸುಮ್ನೆ ಹೇಳ್ತಿಲ್ಲ’ ಎಂದಳು. ಅವಳ ದನಿಯಲ್ಲಿ ಸಂತೋಷ ಇರಲಿಲ್ಲ, ಭಯ ಇತ್ತು.

ನರರೋಗದ ಡಾಕ್ಟರರು ಭಯಪಡಲಿಲ್ಲ. ಲಕ್ವ ಹೊಡೆದ ಕೈ ಕೆಲವರಲ್ಲಿ ಆಕಳಿಸುವಾಗ ತಾನಾಗಿ ಮೇಲೇಳುತ್ತದೆ, ಬೆಚ್ಚಿದಾಗಲೂ ಏಳಬಹುದು ಎಂದರು. ಅದನ್ನು ನಾನು ಒಪ್ಪಿಕೊಂಡೆ, ಒಪ್ಪಲು ಕಾತರಳಾಗಿದ್ದೆ. ಮಾರನೆಯ ದಿನ ಅದೇ ಅಡುಗೆಮನೆಗೆ ಹೋಗಿ, ಅಕ್ಕನ ಕುರ್ಚಿಯನ್ನು ಅದೇ ಜಾಗದಲ್ಲಿಟ್ಟು, ನಾನೇ ಅದರಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡು ಕೈ ಚಾಚಿದೆ. ಶಬಾನಾ ಒಲೆಯ ಮುಂದೆ ನಿಂತಿದ್ದಳು. ನನ್ನ ಬೆರಳ ತುದಿ ಮೇಜಿನ ಅಂಚನ್ನೂ ದಾಟಲಿಲ್ಲ. ಅಷ್ಟು ಉದ್ದದ ತೋಳು ಯಾರಿಗೂ ಇರುವುದಿಲ್ಲ. ಶಬಾನಾ ಹೊರಗೆ ಹೋದಳು.

ಈ ಸಂಗತಿ ನನ್ನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಆದರೆ ಗ್ಯಾಸಿನ ಗಲಾಟೆಯಲ್ಲಿ ಅಕ್ಕ ನನ್ನ ಕೈ ಹಿಡಿದಳು ಎಂದು ನಾನು ಕೂಗಿದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಕೇಂದ್ರದ ಮುಖ್ಯಸ್ಥರು ನನ್ನನ್ನು ಕರೆಸಿ, ದೇವರು ದೊಡ್ಡವನು, ಏನೂ ಆಗಲಿಲ್ಲವಲ್ಲ ಎಂದರು. ನಂತರ ದನಿ ಬದಲಾಯಿಸಿ, ನಿಮ್ಮ ಅಕ್ಕನ ಕೈಯಲ್ಲಿ ಹಿಡಿತ ಬಂದಿದೆ, ನಮ್ಮ ಹೊಸ ಥೆರಪಿ ಫಲ ಕೊಟ್ಟಿದೆ, ಎಡಗೈಯನ್ನು ಇನ್ನೂ ಹೆಚ್ಚು ಹೊತ್ತು ಕಟ್ಟಬೇಕು ಎಂದರು. ಮೇರಿಯನ್ನು ಕೆಲಸದಿಂದ ತೆಗೆದರು. ಗವಸು ಹಾಕುವುದಿಲ್ಲ ಎಂದ ಶಬಾನಾಳನ್ನು ಮಕ್ಕಳ ವಿಭಾಗಕ್ಕೆ ಕಳಿಸಿದರು. ಹೊಸದಾಗಿ ಬಂದವರು ಗವಸು ಹಾಕಿದರು.

ಕೈ ಮತ್ತೆ ಏಳಲಿಲ್ಲ. ಕೇಂದ್ರದವರಿಗೆ ಬೇಗ ಬೇಸರ ಬಂತು, ಮನೆಯಲ್ಲೇ ಮುಂದುವರಿಸಿ ಎಂದು ಕಳಿಸಿಬಿಟ್ಟರು.

ಒಂದು ಭಾನುವಾರ ಮಧ್ಯಾಹ್ನ ಕಗ್ಗದಾಸಪುರಕ್ಕೆ ಹೋದೆ. ಅಕ್ಕ ಊಟದ ಮೇಜಿನ ಮುಂದೆ ಕುಳಿತಿದ್ದಳು. ಎಡಗೈಯನ್ನು ಟವೆಲ್ಲಿನಿಂದ ಕುರ್ಚಿಗೆ ಕಟ್ಟಿತ್ತು. ಬಲಗೈಯ ಪಕ್ಕದಲ್ಲಿ ತಟ್ಟೆ, ಕಲಸಿಟ್ಟ ಅನ್ನ ಅಂಚಿನಲ್ಲಿ ಒಣಗಿ ಬಿಳಿಯಾಗಿತ್ತು. ಎದುರಿಗೆ ಭಾವ. ಅವರ ತಟ್ಟೆಯೂ ಹಾಗೇ ತುಂಬಿತ್ತು.

‘ಯಾವಾಗಿಂದ ಹೀಗೆ ಕೂತಿದಾಳೆ ಭಾವ?’ ಎಂದೆ.

‘ಹಸಿವಾದ್ರೆ ಎತ್ತುತ್ತೆ ಬಿಡು. ಅವತ್ತು ನಿನಗೋಸ್ಕರ ಬಂತಲ್ಲ ಆ ಕೈ, ಅವಳಿಗೋಸ್ಕರ ಯಾಕೆ ಬರಲ್ಲ?’ ಎಂದರು. ‘ನಾನೂ ತಿಂದಿಲ್ಲ, ನೋಡು. ಅವಳು ತಿನ್ಲಿ, ಆಮೇಲೆ ತಿಂತೀನಿ.’

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕಲ್ಲು ಮನಸ್ಸು ಎಂದೆ, ಪೊಲೀಸರಿಗೆ ಹೇಳುತ್ತೇನೆ ಎಂದೆ. ಭಾವ ಕೆಟ್ಟವರಲ್ಲ, ಅದೇ ನನ್ನ ಸಂಕಟ. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿ ಬೇಕೆಂದೇ ಕೈ ಎತ್ತುತ್ತಿಲ್ಲ, ತನ್ನ ಮೇಲೆ ಏನೋ ಕೋಪ ಇಟ್ಟುಕೊಂಡಿದ್ದಾಳೆ ಎಂದು ಆ ಮನುಷ್ಯ ನಿಜವಾಗಿಯೂ ನಂಬಿಬಿಟ್ಟಿದ್ದರು. ಅದಕ್ಕೆ ಪುರಾವೆ ನನ್ನ ಮಣಿಕಟ್ಟು. ಟವೆಲ್ ಬಿಚ್ಚಿದೆ. ಅಕ್ಕ ಎಡಗೈಯಲ್ಲಿ ಆ ಒಣಗಿದ ಅನ್ನವನ್ನೇ ಗಬಗಬ ತಿಂದಳು.

ಅವತ್ತೇ ಅವಳನ್ನು ಸಿ.ವಿ. ರಾಮನ್ ನಗರದ ನನ್ನ ಮನೆಗೆ ಕರೆತಂದೆ. ಶಬಾನಾ ಬಿಡುವಿದ್ದಾಗ ಬಂದು ಕೈ ಉಜ್ಜಿ ಹೋಗುತ್ತಾಳೆ. ನಾವಿಬ್ಬರೂ ಆ ಸಂಜೆಯ ವಿಷಯ ಎತ್ತುವುದಿಲ್ಲ. ಆಕಳಿಕೆಯೋ, ಗ್ಯಾಸ್ ತಲೆಗೇರಿ ನನಗಾದ ಭ್ರಮೆಯೋ, ಬೇರೇನೋ, ನನಗೆ ತಿಳಿದಿಲ್ಲ. ಭ್ರಮೆ ಎಂದುಕೊಂಡರೆ ಮಣಿಕಟ್ಟಿನ ಮೇಲೆ ಎದ್ದ ನೀಲಿ ಗುರುತಿಗೆ ಉತ್ತರವಿಲ್ಲ, ನಿಜ ಎಂದುಕೊಂಡರೆ ಆ ಮೇಜಿಗೆ ಉತ್ತರವಿಲ್ಲ. ಅಕ್ಕನನ್ನು ಕೇಳಿದರೆ ಅವಳು ಏನು ಹೇಳುತ್ತಾಳೆಂದು ನಿಮಗೂ ಗೊತ್ತು.

ಉತ್ತರ ಸಿಗದಿದ್ದರೆ ಬೇಡ, ಬಿಟ್ಟುಬಿಡಬಹುದು. ಬಿಡಲಾಗದ್ದು ಬೇರೆಯೇ ಇದೆ. ರಾತ್ರಿ ಊಟಕ್ಕೆ ಕುಳಿತಾಗ ಎಡಗೈಯಿಂದ ಸಾರು ಚೆಲ್ಲುತ್ತದೆ, ಅನ್ನ ಮಡಿಲಿಗೆ ಬೀಳುತ್ತದೆ. ದಿನವಿಡೀ ಲ್ಯಾಬಿನಲ್ಲಿ ನಿಂತು ಬಂದವಳು ನಾನು ಬಗ್ಗಿ ಒರೆಸುತ್ತೇನೆ. ಪಕ್ಕದಲ್ಲೇ ಆ ಬಲಗೈ ಏನೂ ಅರಿಯದಂತೆ ಬಿದ್ದಿರುತ್ತದೆ. ಅವತ್ತು ಬಂದೆಯಲ್ಲ, ಈಗ ಏನಾಗಿದೆ ನಿನಗೆ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಭಾವನ ಮಾತೇ. ನಾನು ತುಟಿ ಕಚ್ಚಿಕೊಂಡು ಸುಮ್ಮನಿರುತ್ತೇನೆ. ಆದರೆ ಅಕ್ಕನಿಗೆ ಎಲ್ಲವೂ ಅರ್ಥವಾಗುತ್ತದೆ. ನನ್ನ ಮುಖವನ್ನೊಮ್ಮೆ ನೋಡಿ, ತಿನ್ನುವುದನ್ನು ನಿಲ್ಲಿಸಿ, ಎಡಗೈಯಿಂದ ಮೆಲ್ಲಗೆ ಹೆಗಲ ಮೇಲಿನ ವೇಲನ್ನು ಎಳೆದು ಬಲಗೈಯನ್ನು ಮುಚ್ಚಿಕೊಳ್ಳುತ್ತಾಳೆ.