ಡ್ರೈವರ್‌ನ ತಪ್ಪು ಎಂದು ನಾನು ಹೇಳಿದ್ದು

ಜಹೀರಾಬಾದಿನ ನಮ್ಮ ವರ್ಕ್‌ಶಾಪಿನಲ್ಲಿ ಹಳೆಯ ಡೀಸೆಲ್ ಡಂಪರುಗಳಿಗೆ ಮೋಟಾರು, ಬ್ಯಾಟರಿ ಕೂಡಿಸಿ ಹೈಬ್ರಿಡ್ ಮಾಡುತ್ತೇವೆ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಮೋಟಾರೇ ಗಾಡಿಯನ್ನು ತಡೆಯುತ್ತದೆ. ತಡೆದ ರಭಸ ಕರೆಂಟಾಗಿ ಬ್ಯಾಟರಿಗೆ ಸೇರುತ್ತದೆ. ನಾನೇ ಹೊಣೆ ಹೊತ್ತು ಮಾಡಿದ ಮೊದಲ ಗಾಡಿ ತಾಂಡೂರಿನ ಒಂದು ಕಲ್ಲುಗಣಿಗೆ ಹೋಯಿತು. ಅದನ್ನು ನಡೆಸುತ್ತಿದ್ದವರು ನ್ಯಾಲ್ಕಲ್ ಕಡೆಯ ಹಿರಿಯ ಡ್ರೈವರ್. ಗಣಿಯ ಮಾಲೀಕರೊಡನೆ ಅವರು ತೆಲುಗು ಆಡುತ್ತಿದ್ದರು, ಉಳಿದವರೊಡನೆ ಉರ್ದು. ನಮ್ಮಿಬ್ಬರ ನಡುವೆ ಮಾತ್ರ ಕನ್ನಡ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಎರಡನೇ ವಾರ ಅವರು ಹೇಳಿದರು: "ಸಾಹೇಬ್ರ, ಮುಂಜಾನಿ ಮೊದಲ್ನೇ ಇಳಿಜಾರ್ದಾಗ ಗಾಡಿ ಹಿಡಿಯಂಗಿಲ್ರಿ. ಮಧ್ಯಾಹ್ನ ಛಲೋ ಹಿಡೀತದ."

ನಾನು ನಕ್ಕೆ. "ಕಾಕಾ, ಹೊಸಾ ಗಾಡಿ. ನಿಮ್ಮ ಕಾಲಿಗಿನ್ನಾ ರೂಢಿ ಆಗಿಲ್ಲ."

ಅದಾದ ನಾಲ್ಕನೇ ದಿನ ಬೆಳಿಗ್ಗೆ ಗಾಡಿ ಗಣಿಗೆ ಇಳಿಯುವಾಗ ಮೋಟಾರು ಹಿಡಿಯಲಿಲ್ಲ. ಅವರು ಮಾಮೂಲಿ ಬ್ರೇಕು ಒತ್ತುವಷ್ಟರಲ್ಲಿ ತಿರುವು ಬಂದಿತ್ತು. ಗಾಡಿ ಕಲ್ಲಿನ ಗೋಡೆಗೆ ಉಜ್ಜಿ ನಿಂತಿತು, ಅವರ ಬಲ ಮುಂಗೈ ಮುರಿಯಿತು. ಮಾಲೀಕರು ನನ್ನನ್ನು ಕೇಳಿದರು, ತಪ್ಪು ಯಾರದು? ಗಾಡಿಯನ್ನು ಬಿಚ್ಚಿಯೂ ನೋಡದೆ, ಡ್ರೈವರದು ಎಂದುಬಿಟ್ಟೆ. ಕಾಕಾ ಕೈಗೆ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲೇ ಕುಳಿತಿದ್ದರು. ಅವರ ಕೆಲಸ ಹೋಯಿತು.

ಎರಡು ದಿನದ ನಂತರ ಗಾಡಿಯ ಕಂಪ್ಯೂಟರಿನಲ್ಲಿದ್ದ ದಾಖಲೆ ತೆಗೆದು ನೋಡಿದೆ. ರಾತ್ರಿಯಿಡೀ ಚಾರ್ಜಿಗೆ ಹಾಕಿದ ಬ್ಯಾಟರಿ ಬೆಳಿಗ್ಗೆ ಪೂರ್ತಿ ತುಂಬಿರುತ್ತಿತ್ತು. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದೆಲ್ಲಿ? ಕರೆಂಟಿಗೆ ಜಾಗವಿಲ್ಲದಾಗ ಮೋಟಾರು ಗಾಡಿಯನ್ನು ತಡೆಯುವುದನ್ನೇ ಬಿಟ್ಟುಬಿಡುತ್ತಿತ್ತು. ಬ್ಯಾಟರಿ ಪೂರ್ತಿ ತುಂಬದಂತೆ ಮಿತಿ ಹಾಕಬೇಕಾದವನು ನಾನೇ. ಮರೆತಿದ್ದೆ. ಅಂದೇ ಮಿತಿ ಹಾಕಿದೆ, ಯಾರಿಗೂ ಹೇಳಲಿಲ್ಲ.

ಹೊಸ ಡ್ರೈವರುಗಳಿಗೆ ಕಲಿಸುವಾಗ ಒಬ್ಬ ಕೇಳಿದ, ಹಿಂದಿನವರು ಯಾಕೆ ಗೋಡೆಗೆ ಹೊಡೆದರು ಎಂದು. "ರೂಢಿ ಇರಲಿಲ್ಲ" ಎಂದೆ. ಮೊದಲ ಸಲ ತಿಳಿಯದೆ ಆಡಿದ್ದ ಮಾತನ್ನು ಈ ಸಲ ತಿಳಿದೇ ಆಡಿದ್ದೆ.

ಮುಂದಿನ ಭಾನುವಾರ ಅವರ ಊರಿಗೆ ಹೋದೆ. ಕಾಕಾ ಎಡಗೈಯಲ್ಲಿ ತೊಗರಿ ಆರಿಸುತ್ತಿದ್ದರು. ಅವರ ಹೆಂಡತಿ, ಕಾಕಿ, ಚಹಾ ತಂದಿಟ್ಟರು. ಅದನ್ನು ಮುಟ್ಟದೆ ಎಲ್ಲವನ್ನೂ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು.

"ನಂದೇ ತಪ್ಪಂತ ಮನ್ಯಾಗೂ ಹೇಳೀನ್ರಿ," ಎಂದರು ಮೆಲ್ಲಗೆ. "ಓದಿದವ್ರು ನೀವು ಹಂಗ ಅಂದ್ರಿ, ನಾ ನಂಬೀನ್ರಿ. ಈಗ ಸ್ಟೇರಿಂಗ್ ಹಿಡಿಯಾಕ ಅಂಜಿಕಿ ಬರ್ತದ."

ಕಾಕಿ ಬಾಗಿಲಲ್ಲೇ ನಿಂತಿದ್ದರು. "ನಮ್ಮ ಮುಂದ ಹೇಳಿ ಏನಾತ್ರಿ? ಅಲ್ಲಿ ಎಲ್ಲಾರ ಮುಂದ ಹೇಳ್ರಿ," ಎಂದರು.

ಸೋಮವಾರ ಗಣಿಯಲ್ಲಿ, ಮಾಲೀಕರ ಮುಂದೆ, ಡ್ರೈವರುಗಳೆಲ್ಲ ಕೇಳುವಂತೆ ಹೇಳಿದೆ. ಮಾಲೀಕರು ನನಗೆ ಬಾಯಿಗೆ ಬಂದಂತೆ ಬೈದರು, ಮತ್ತೆ ಕೆಲಸಕ್ಕೆ ಬರುವಂತೆ ಕಾಕಾಗೆ ಹೇಳಿ ಕಳಿಸಿದರು. ಕೈ ಕೂಡಿದ ಮೇಲೆ ಅವರು ಬಂದರು. ಅದೇ ಗಾಡಿಯಲ್ಲಿ ಗಣಿಗೆ ಒಮ್ಮೆ ಇಳಿದು ಏರಿದರು. ಗಾಡಿ ಚೆನ್ನಾಗಿ ಹಿಡಿಯಿತು. ಆದರೂ ಕೆಳಗಿಳಿದು, ಬೆವರು ಒರೆಸಿಕೊಂಡು, ಕೀಲಿಯನ್ನು ನನ್ನ ಕೈಗಿಟ್ಟರು. "ಇನ್ನ ಆಗಂಗಿಲ್ರಿ."

ಈಗ ಊರಲ್ಲೇ ಇದ್ದು ಹೊಲ ನೋಡಿಕೊಳ್ಳುತ್ತಾರೆ. ಸಂತೆಗೆ ಜಹೀರಾಬಾದಿಗೆ ಬಂದಾಗ ಎದುರಾದರೆ ತಾವೇ ಮೊದಲು ನಮಸ್ಕಾರ ಹೇಳುತ್ತಾರೆ. ನಾನು ಇನ್ನೂ ತಲೆ ಎತ್ತಿ ಮಾತಾಡಲಾರೆ.